ಹಗ್ಗದ ಗಾಡಿ

ಗುಜರಿಯವನು ಗಾಡಿಗೆ ಎರಡು ಸುತ್ತು ಹೊಡೆದು, ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು, "ಕಬ್ಬಿಣ ಏನೂ ಇಲ್ಲ ಅಕ್ಕಾ ಇದ್ರಲ್ಲಿ. ಹಿಂದ್ಗಡೆ ಎಲ್ಲಾ ಬರೀ ಮರ. ಮರ ತಗೊಂಡು ಏನ್ ಮಾಡ್ಲಿ, ಒಲೆಗೆ ಹಾಕ್ಲಾ?" ಎಂದು ಮೂಗು ಮುರಿದ.

ಅವನನ್ನು ಕರೆಸಿದವಳು ಸುಭದ್ರಮ್ಮನೇ. ಶಿವಮೊಗ್ಗದ ರಾಗಿಗುಡ್ಡದ ತಮ್ಮ ಮನೆಯ ಹಿತ್ತಲಲ್ಲಿ, ನುಗ್ಗೆಮರದ ಬುಡದಲ್ಲಿ ಹದಿನೈದು ವರ್ಷದಿಂದ ಬಿದ್ದುಕೊಂಡು ಕೇರಿಯ ಬೆಕ್ಕುಗಳಿಗೆಲ್ಲ ಹೆರಿಗೆ ಆಸ್ಪತ್ರೆಯಾಗಿದ್ದ ಆ ಹಳೇ ಪಿಕಪ್ಪು ತೊಲಗಿದರೆ ಸಾಕು ಎಂದು ಅವತ್ತು ಬೆಳಗಿನ ತನಕ ಅವಳೂ ಅಂದುಕೊಂಡಿದ್ದಳು. ಆದರೆ ನಮ್ಮ ಮನೆಯ ವಸ್ತುವನ್ನು ನಾವು ಬೈಯುವುದು ಬೇರೆ, ಹೊರಗಿನವನು ಬಂದು ಬೈಯುವುದು ಬೇರೆ. "ಬೇಡ ಅಂದ್ರೆ ಬಿಡಪ್ಪ, ಬಲವಂತ ಏನಿಲ್ಲ" ಎಂದಳು. ಅವನು ಬಿಡಲಿಲ್ಲ. ಮರ ಕೊಳೆತಿದೆ ಎಂದು ತೋರಿಸಿಯೇ ತೀರಬೇಕೆಂದು ಸ್ಕ್ರೂಡ್ರೈವರ್ ತೆಗೆದು ಹಿಂಭಾಗದ ಮೂಲೆಗೆ ತಿವಿದ. ಅಂಗೈಯಗಲದ ಬಣ್ಣದ ಹೆಕ್ಕಳೆ ಎದ್ದು ಕೆಳಗೆ ಬಿತ್ತು.

ಒಳಗೆ ಕೊಳೆತ ಮರ ಇರಲಿಲ್ಲ. ಜೇನಿನ ಬಣ್ಣದ ತೇಗ ಇತ್ತು. ಎರಡು ಹಲಗೆಗಳು ಕೂಡುವ ಕಡೆ ಒಂದರ ಹಲ್ಲಿನೊಳಗೆ ಇನ್ನೊಂದರ ಹಲ್ಲು ಕಚ್ಚಿ ಕೂತಿತ್ತು. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಸುಭದ್ರಮ್ಮ ಆ ಸಂದಿನಲ್ಲಿ ಉಗುರು ತೂರಿಸಲು ನೋಡಿದಳು, ಆಗಲಿಲ್ಲ. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಗುಂಡುಪಿನ್ನು ಕಿತ್ತು ಅದರ ಮೊನೆ ತೂರಿಸಲು ನೋಡಿದಳು, ಅದೂ ಆಗಲಿಲ್ಲ. ಗಾಂಧಿ ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷದಿಂದ ಸ್ಕೂಲು ಯೂನಿಫಾರಂ ಹೊಲಿಯುತ್ತಿರುವ ಹೆಂಗಸು ಅವಳು. ಎರಡು ತುಂಡನ್ನು ಒಂದು ಮಾಡುವುದು ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ ಇಷ್ಟು ನೆಟ್ಟಗೆ ಕೂಡಿದ್ದನ್ನು ಅವಳು ಬಟ್ಟೆಯಲ್ಲೂ ಕಂಡಿರಲಿಲ್ಲ.

"ಹೋಗಪ್ಪ ನೀನು" ಎಂದಳು. "ಇದು ಕೊಡೋದಲ್ಲ."

ಆ ಗಾಡಿಗೆ ಗಾಂಧಿ ಬಜಾರಿನಲ್ಲಿ ಒಂದು ಹೆಸರಿತ್ತು, ಹಗ್ಗದ ಗಾಡಿ ಎಂದು. ಹೆಸರು ಹೇಗೆ ಬಂತು ಎನ್ನುವುದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅವಳ ತಂದೆ ಓಂಕಾರಪ್ಪನವರು ಬಜಾರಿನಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುತ್ತಿದ್ದವರು. ಎಂಬತ್ತಾರನೇ ಇಸವಿಯಲ್ಲಿ ಸರ್ಕಾರಿ ಹರಾಜಿನಲ್ಲಿ ಒಂದು ಮುದಿ ಜೀಪು ಹಿಡಿದು, ಅದರ ಹಿಂಭಾಗ ಕತ್ತರಿಸಿ, ಚಾಸಿ ಉದ್ದ ಮಾಡಿಸಿ, ಭದ್ರಾವತಿಯಲ್ಲಿದ್ದ ಗೆಳೆಯ ಕರಿಯಣ್ಣನವರ ಮನೆ ಮುಂದೆ ತಂದು ನಿಲ್ಲಿಸಿದರು. ಇಬ್ಬರೂ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನವರು. ಕರಿಯಣ್ಣ ಕಬ್ಬಿಣದ ಕಾರ್ಖಾನೆಯ ಪ್ಯಾಟ್ರನ್ ಶಾಪಿನಲ್ಲಿದ್ದರು. ಕಾರ್ಖಾನೆಯಲ್ಲಿ ಯಾವ ವಸ್ತುವಿಗೆ ಎರಕ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಮಾಡುತ್ತಾರೆ. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ, ಬಿದ್ದ ಗುಳಿಗೆ ಕಾದ ಉಕ್ಕು ಸುರಿಯುತ್ತಾರೆ. ಮರದಲ್ಲಿ ಕೂದಲೆಳೆ ತಪ್ಪಿದರೆ ಉಕ್ಕಿನಲ್ಲೂ ತಪ್ಪುತ್ತದೆ. ಅಂಥ ಕೆಲಸದವರು ಕರಿಯಣ್ಣ. "ಲೇ ಕರಿಯಾ, ಇದಕ್ಕೊಂದು ಮೈ ಕಟ್ಟಿಕೊಡೋ" ಎಂದು ಗೆಳೆಯ ಕೇಳಿದ್ದಕ್ಕೆ ಏಳು ತಿಂಗಳ ಭಾನುವಾರಗಳನ್ನೆಲ್ಲ ಕೊಟ್ಟು ಕಟ್ಟಿದರು. ಆಗ ಹದಿನಾರು ವರ್ಷದವಳಾಗಿದ್ದ ಸುಭದ್ರೆ ಅಪ್ಪನ ಜೊತೆ ಹೋಗಿ, ಕರಿಯಣ್ಣ ಮಾಮ ಉಳಿ ಹಿಡಿಯುವುದನ್ನು ಊಟದ ಹೊತ್ತು ಮರೆತು ನೋಡುತ್ತಾ ಕೂರುತ್ತಿದ್ದಳು.

ಎಲ್ಲ ಮುಗಿದು ಹಿಂದಿನ ಬಾಗಿಲೊಂದು ಉಳಿಯಿತು. ಸರಕು ಇಳಿಸುವಾಗ ಕೆಳಕ್ಕೆ ಮಗುಚುತ್ತದಲ್ಲ, ಆ ಬಾಗಿಲು. ಅಷ್ಟರಲ್ಲಿ ಕರಿಯಣ್ಣನವರಿಗೆ ಭಾನುವಾರವೂ ಕಾರ್ಖಾನೆಯಿಂದ ಕರೆ ಬರತೊಡಗಿತು, ಓಂಕಾರಪ್ಪನವರಿಗೆ ಶ್ರಾವಣದೊಳಗೆ ಗಾಡಿ ಓಡಬೇಕೆಂಬ ಅವಸರ. ಕರಿಯಣ್ಣ ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟರು. ಶಿವಮೊಗ್ಗದ ಬಡಗಿಯೊಬ್ಬ ಆ ಚೀಟಿ ನೋಡಿ ಬಾಗಿಲು ಮಾಡಿದ. ಗಾಡಿ ಬಂದ ಮೇಲೆ ಕೂರಿಸಿದರೆ ಒಂದು ಇಂಚು ಗಿಡ್ಡ! ಬಡಗಿ ತನ್ನ ಟೇಪು ಹಿಡಿದು, ಚೀಟಿಯಲ್ಲಿ ಬರೆದಷ್ಟೇ ಇದೆ ಎಂದು ತೋರಿಸಿದ. ಚಿಲಕದ ತುದಿ ಏನೋ ನೆಪಕ್ಕೆ ತೂತಿಗೆ ತಾಗುತ್ತಿತ್ತು. ನಡೆಯುತ್ತೆ ಬಿಡು ಎಂದು ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಮೊದಲ ಲೋಡು ಬೆಲ್ಲ ಹೇರಿಕೊಂಡು ಹೊರಟರು. ಗಾಂಧಿ ಬಜಾರಿನ ತಿರುವಿನಲ್ಲಿ ಬಾಗಿಲು ದಢಾರನೆ ಬಾಯಿ ಬಿಟ್ಟಿತು. ಬೆಲ್ಲದ ಅಚ್ಚುಗಳು ಬೀದಿ ತುಂಬ ಉರುಳಿದವು. ದನಗಳಿಗೆ ಹಬ್ಬ, ಬಜಾರಿಗೆ ನಗು. ಪಕ್ಕದ ಬಟ್ಟೆ ಅಂಗಡಿಯವರು, "ಕ್ಯಾ ಸಾಹುಕಾರ್ರೇ, ಬೆಲ್ಲ ದಾನ ಮಾಡ್ತಾ ಇದೀರಾ?" ಎಂದರಂತೆ. ಓಂಕಾರಪ್ಪನವರಿಗೆ ಪಿತ್ತ ನೆತ್ತಿಗೇರಿತು.

ಮರುದಿನ ಭದ್ರಾವತಿಗೆ ಹೋದರು. ಕಾರ್ಖಾನೆ ಗೇಟಿನ ಎದುರಿನ ಹೋಟೆಲಿನಲ್ಲಿ ಕರಿಯಣ್ಣ ಜೊತೆಗೆಲಸದವರ ನಡುವೆ ಟೀ ಕುಡಿಯುತ್ತಿದ್ದರು. ಇಪ್ಪತ್ತು ಜನರ ಎದುರಿಗೆ ಓಂಕಾರಪ್ಪನವರು, "ನಿನಗೆ ಅಳತೆ ಬರಲ್ಲ ಕಣೋ!" ಎಂದುಬಿಟ್ಟರು. ಪ್ಯಾಟ್ರನ್ ಶಾಪಿನವನಿಗೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಕರಿಯಣ್ಣ ಲೋಟ ಕೆಳಗಿಟ್ಟು, "ಗಾಡಿ ತಗೊಂಡು ಬಾ, ನೋಡ್ತೀನಿ" ಎಂದಷ್ಟೇ ಹೇಳಿದರು. ಗಾಡಿ ಹೋಗಲೇ ಇಲ್ಲ. ಬೇರೆ ಬಾಗಿಲು ಮಾಡಿಸಿ ಎಂದು ಮನೆಯವರು ಹೇಳಿದರೂ ಓಂಕಾರಪ್ಪನವರು ಒಪ್ಪಲಿಲ್ಲ. "ಹಗ್ಗ ಕಟ್ಟಿಯೇ ಓಡಿಸ್ತೀನಿ. ಅವನ ಕೆಲಸ ಏನು ಅಂತ ನೋಡಿದವರಿಗೆಲ್ಲ ಗೊತ್ತಾಗ್ಲಿ" ಎಂದು ತೆಂಗಿನ ನಾರಿನ ಹಗ್ಗ ಬಿಗಿದು, ಇಪ್ಪತ್ತಮೂರು ವರ್ಷ ಹಾಗೇ ಓಡಿಸಿದರು. ಹಠ ಎಂದರೆ ಅದು. ಇಬ್ಬರು ಗೆಳೆಯರ ನಡುವೆ ಹದಿನೆಂಟು ಕಿಲೋಮೀಟರ್ ದಾರಿ. ಮೂವತ್ತೆಂಟು ವರ್ಷ ಇವರು ಆ ಕಡೆ ಹೋಗಲಿಲ್ಲ, ಅವರು ಈ ಕಡೆ ಬರಲಿಲ್ಲ.

ಓಂಕಾರಪ್ಪನವರಿಗೆ ಈಗ ಎಂಬತ್ತಮೂರು. ಮಗಳ ಮನೆಯಲ್ಲೇ ಇದ್ದಾರೆ. ಸುಭದ್ರಮ್ಮ ಗುಜರಿಯವನನ್ನು ವಾಪಸು ಕಳಿಸಿದ ದಿನವೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಈ ಗಾಡಿಯನ್ನು ಎಬ್ಬಿಸಬೇಕು. ಅಪ್ಪಾಜಿಯನ್ನು ಇದರಲ್ಲೇ ಕೂರಿಸಿಕೊಂಡು ಭದ್ರಾವತಿಗೆ ಹೋಗಬೇಕು. ಇಬ್ಬರೂ ಇರುವಾಗಲೇ ಆ ಒಂದು ಮಾತು ಹಿಂದಕ್ಕೆ ಬರಬೇಕು. ಇಂಥ ಜೋಡಣೆ ಮಾಡಿದ ಕೈಗೆ ಅಳತೆ ಬರುವುದಿಲ್ಲ ಎನ್ನುವ ಮಾತು ಉಳಿದುಹೋಗುವುದು ಅವಳಿಗೆ ಸಹಿಸಲು ಆಗಲಿಲ್ಲ.

ಭಾನುವಾರಗಳು ಮತ್ತೆ ಶುರುವಾದವು. ಗಂಡ ಮಲ್ಲಿಕ್, "ಐವತ್ತನಾಲ್ಕನೇ ವಯಸ್ಸಿಗೆ ನಿನಗೆ ಹಿಡಿದಿರೋ ಹುಚ್ಚು ನೋಡು ಮಾರಾಯ್ತಿ" ಎನ್ನುತ್ತಲೇ ಲುಂಗಿ ಎತ್ತಿ ಕಟ್ಟಿ ಗಾಡಿಯ ಕೆಳಗೆ ತೂರಿದ. ಎಂಜಿನ್ನಿಗೆ ಜ್ಞಾನೇಶ ಎಂಬ ಮೆಕ್ಯಾನಿಕ್ಕು ಸಿಕ್ಕಿದ. ಅವನು ಕಾರ್ಬುರೇಟರ್ ಬಿಚ್ಚಿ, ಅದರೊಳಗಿಂದ ಕಣಜದ ಗೂಡೊಂದನ್ನು ತೆಗೆದು ಅಂಗೈಯಲ್ಲಿ ಇಟ್ಟು ತೋರಿಸಿದ. ಬಣ್ಣ ಕೆರೆಯುವ ಕೆಲಸ ಮಾತ್ರ ಸುಭದ್ರಮ್ಮ ಯಾರಿಗೂ ಬಿಡಲಿಲ್ಲ. ಉಪ್ಪುಕಾಗದ ಹಿಡಿದು ಹಸಿರು ಕೆರೆದರೆ ಕೆಳಗೆ ನೀಲಿ, ನೀಲಿ ಕೆರೆದರೆ ಬೂದು, ಅದರ ಕೆಳಗೆ ಕರಿಯಣ್ಣ. ಹೌದು, ಅವಳಿಗೆ ಹಾಗೇ ಅನ್ನಿಸುತ್ತಿತ್ತು. ಒಳಮೂಲೆಗಳನ್ನೆಲ್ಲ ಅವರು ದುಂಡಗೆ ತೀಡಿದ್ದರು, ಬೆಲ್ಲದ ಪುಡಿ ಸಿಕ್ಕಿಕೊಳ್ಳದೆ ಒಂದೇ ಸಲಕ್ಕೆ ಗುಡಿಸಿ ಬರುವ ಹಾಗೆ. ಪಕ್ಕದ ಹಲಗೆಗಳ ಮೇಲಂಚು ಹೊರಕ್ಕೆ ಒಂದಿಷ್ಟೇ ಇಷ್ಟು ಬಾಗಿತ್ತು. ಹಮಾಲಿ ಕೈ ಊರಿದರೆ ಅಂಗೈ ನೋಯದು. ಯಾರೂ ಎಂದೂ ಬಗ್ಗಿ ನೋಡದ ಅಡಿಭಾಗಕ್ಕೂ ಕನ್ನಡಿಯಂತೆ ಉಜ್ಜಿ ವಾರ್ನಿಷ್ ಕೊಟ್ಟಿದ್ದರು. ಮಲ್ಲಿಕ್ ಅಲ್ಲಿ ಮಲಗಿಕೊಂಡೇ, "ಏ ಸುಭದ್ರಾ, ಬಾ ಇಲ್ಲಿ, ನೋಡು ಇದನ್ನ" ಎಂದು ಕರೆದ. ಅವಳೂ ಸೀರೆ ಸುತ್ತಿಕೊಂಡು ತೂರಿ ಪಕ್ಕದಲ್ಲಿ ಮಲಗಿದಳು. ಗಂಡ ಹೆಂಡತಿ ಇಬ್ಬರೂ ಗಾಡಿಯ ಹೊಟ್ಟೆ ನೋಡುತ್ತಾ ತುಂಬ ಹೊತ್ತು ಇದ್ದರು.

ಓಂಕಾರಪ್ಪನವರು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಗಾಡಿಯ ಕಡೆ ಕತ್ತೆತ್ತುತ್ತಿರಲಿಲ್ಲ. ಪೇಪರಿನ ಪುಟ ಮಾತ್ರ ಗಂಟೆಗಟ್ಟಲೆ ತಿರುಗುತ್ತಿರಲಿಲ್ಲ.

ಎಡವಟ್ಟಾದದ್ದು ನೆಲದ ಹಲಗೆಗಳಲ್ಲಿ. ಇಡೀ ಗಾಡಿಯಲ್ಲಿ ಹಾಳಾಗಿದ್ದದ್ದು ಅವು ಮಾತ್ರ, ನುಗ್ಗೆಮರದಿಂದ ನೀರು ಸೋರಿ ಬಿದ್ದು ಬಿದ್ದು ಗೆದ್ದಲು ಹಿಡಿದಿತ್ತು. ತೆಗೆಯುವಾಗ ಅವು ಪುಡಿಪುಡಿಯಾದವು. ಹೊಸದು ಹಾಕಬೇಕು, ಎಷ್ಟುದ್ದ? ಅಡಿಯ ಪಟ್ಟಿಯ ಒಳಮೈ ಮೇಲೆ ಕರಿಯಣ್ಣನವರ ಗುಂಡನೆಯ ಪೆನ್ಸಿಲ್ ಅಕ್ಷರ ಇತ್ತು: "ನೆಲದ ಹಲಗೆ, ಆರು ಅಡಿ." ಅದನ್ನು ನೋಡಿ ಸುಭದ್ರಮ್ಮನಿಗೆ ಪತ್ರವೇ ಬಂದಷ್ಟು ಖುಷಿ. ಇನ್ನು ಅಳೆಯುವುದೇಕೆ ಎಂದು ಅಷ್ಟಕ್ಕೇ ಸಾಮಿಲ್ಲಿನಲ್ಲಿ ಕೊಯ್ಯಿಸಿ ತಂದಳು. ಕೂರಿಸಿದರೆ ಎಂಟು ಹಲಗೆಗೆ ಎಂಟೂ ಒಂದೂವರೆ ಇಂಚು ಗಿಡ್ಡ.

ಸಾಮಿಲ್ಲಿನವನ ಮೇಲೆ ರೇಗಿ, ಹಲಗೆ ಅಳೆದು ನೋಡಿದಳು. ಸರಿಯಾಗಿ ಆರಡಿ ಇತ್ತು.

ಪೇಪರು ಮೊದಲ ಸಲ ಕೆಳಗಿಳಿಯಿತು. "ನಾನು ಅವತ್ತೇ ಹೇಳ್ಲಿಲ್ವೇನಮ್ಮಾ?" ಎಂದರು ಓಂಕಾರಪ್ಪನವರು. "ಕೈ ಕೆಲಸ ಚೆಂದ, ಇಲ್ಲ ಅನ್ನಲ್ಲ. ಅಳತೆ ಬರಲ್ಲ ಅವನಿಗೆ."

ಆ ಧ್ವನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಬೇಜಾರಾಯಿತು. ಅಪ್ಪಾಜಿಗೂ ಈ ಮಾತು ಸುಳ್ಳಾಗಲಿ ಎಂಬ ಆಸೆ ಎಲ್ಲೋ ಇತ್ತು. ಈಗ ಅದೂ ಹೋಯಿತು. ಒಂದು ವಾರ ಅವಳು ಹಿತ್ತಲಿಗೆ ಕಾಲಿಡಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ತಡೆಯಲಾರದೆ ಟೇಪು, ನೋಟುಬುಕ್ಕು ಹಿಡಿದು ಹೊರಟಳು. ಗಾಡಿಯ ಮೈಯಲ್ಲಿ ಎಲ್ಲೆಲ್ಲಿ ಪೆನ್ಸಿಲ್ಲಿನ ಅಂಕಿ ಇದೆಯೋ ಅಲ್ಲೆಲ್ಲ ಅಳೆದಳು. ಒಂದು ಕಡೆ ಅವರ ಅಂಕಿ, ಪಕ್ಕದಲ್ಲಿ ತನ್ನ ಅಂಕಿ. ಅವರು ಆರಡಿ ಎಂದು ಬರೆದ ಕಡೆ ಒಂದೂವರೆ ಇಂಚು ಹೆಚ್ಚು. ನಾಲ್ಕಡಿ ಎಂದ ಕಡೆ ಒಂದು ಇಂಚು ಹೆಚ್ಚು. ಮೂರಡಿಗೆ ಮುಕ್ಕಾಲು ಇಂಚು. ಎರಡಡಿಗೆ ಅರ್ಧ. ಬಲಗಡೆ ಅಳೆದಳು, ಎಡಗಡೆ ಅಳೆದಳು, ಮಲಗಿ ಅಡಿಗೂ ಅಳೆದಳು. ಇಪ್ಪತ್ತೇಳು ಕಡೆ. ಒಂದೇ ಒಂದು ಕಡೆ ಕೂಡ ಲೆಕ್ಕ ತಪ್ಪಲಿಲ್ಲ. ಪ್ರತಿ ಅಡಿಗೂ ಕಾಲು ಇಂಚು ಹೆಚ್ಚು.

ಅವಳು ಟೇಪು ಸುತ್ತಿಟ್ಟಳು. ಯಾಕೆಂದರೆ ಇಂಥದ್ದು ಅವಳ ಅಂಗಡಿಯಲ್ಲೇ ಒಮ್ಮೆ ಆಗಿತ್ತು. ಮೂವತ್ತು ಹುಡುಗರ ಪ್ಯಾಂಟು ಹೊಲಿದು ಕೊಟ್ಟರೆ ಮೂವತ್ತೂ ಉದ್ದವೆಂದು ವಾಪಸು ಬಂದಿದ್ದವು. ಕತ್ತರಿಸಿದವಳನ್ನು ಬೈದು ಅಳಿಸಿದ ಮೇಲೆ ಗೊತ್ತಾಗಿತ್ತು, ಆಕೆ ಬಳಸುತ್ತಿದ್ದ ಬಟ್ಟೆಯ ಟೇಪು ಹಳೆಯದಾಗಿ ಎಳೆದು ಎಳೆದು ಉದ್ದವಾಗಿಬಿಟ್ಟಿದೆ ಎಂದು. ಅಳತೆ ಬಾರದವರ ತಪ್ಪು ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಇದ್ದರೆ ತಪ್ಪು ಕೈಯದಲ್ಲ, ಟೇಪಿನದು. ಸುಭದ್ರಮ್ಮ ಗಾಡಿಗೆ ಕೈ ಊರಿಕೊಂಡು ನಿಂತಳು. ಇಪ್ಪತ್ತೇಳು ಕಡೆ ಕೂದಲೆಳೆ ಆಚೀಚೆ ಆಗದ ಹಾಗೆ ತಪ್ಪು ಮಾಡಬೇಕಾದರೆ ಆ ಮನುಷ್ಯ ಎಂಥ ಕೆಲಸಗಾರ ಇರಬೇಕು!

ಮರುದಿನ ಅಂಗಡಿಗೆ ರಜೆ ಹಾಕಿ, ಸಿಟಿ ಬಸ್ಸಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಭದ್ರಾವತಿ ಬಸ್ಸು ಹತ್ತಿದಳು. ಕಾರ್ಖಾನೆಯ ಚಿಮಣಿಗಳಲ್ಲಿ ಹೊಗೆ ಇರಲಿಲ್ಲ. ನ್ಯೂಟೌನಿನಲ್ಲಿ ಹೂ ಕಟ್ಟುತ್ತಾ ಕೂತಿದ್ದ ತಮಿಳು ಹೆಂಗಸನ್ನು ಕೇಳಿದಾಗ, "ಪ್ಯಾಟ್ರನ್ ಕರಿಯಣ್ಣನಾ? ಅಂಗ ಪಾರುಂಗೊ, ಬೇವಿನ ಮರ ಇದೆಯಲ್ಲಾ, ಅದೇ ಮನೆ" ಎಂದು ಕೈ ತೋರಿಸಿದಳು.

ಬಾಗಿಲು ತೆರೆದದ್ದು ಕರಿಯಣ್ಣನವರ ಹೆಂಡತಿ ಪುಷ್ಪಮ್ಮ. ಯಾರು ಎಂದು ತಿಳಿದ ಮೇಲೆ ಒಂದು ಗಳಿಗೆ ಬಾಗಿಲಿಗೆ ಅಡ್ಡ ನಿಂತೇ ಇದ್ದರು. ಆಮೇಲೆ ಪಕ್ಕಕ್ಕೆ ಸರಿದರು. ಒಳಗೆ ಕಿಟಕಿಯ ಹತ್ತಿರ ಬಿಳಿಯ ಬನಿಯನ್ನು ಹಾಕಿಕೊಂಡು ಕೂತಿದ್ದ ಮುದುಕರು ಕಣ್ಣು ಕಿರಿದು ಮಾಡಿ ನೋಡಿ, "ಸುಭದ್ರೆ ಅಲ್ಲೇನೇ ಕೂಸೇ? ಉಳಿ ಮುಟ್ಟಬೇಡ ಅಂದ್ರೂ ಮುಟ್ಟಿ ಬೆರಳು ಕುಯ್ಕೊಂಡಿದ್ಯಲ್ಲ" ಎಂದರು. ಸುಭದ್ರಮ್ಮ ಹತ್ತಿರ ಹೋಗಿ ಕೂತಳು. ತೋರುಬೆರಳ ಗುರುತು ತೋರಿಸಿದಳು.

ಅವಳು ನೋಟುಬುಕ್ಕು ಮುಂದಿಟ್ಟಳು. ಕರಿಯಣ್ಣ ಭೂತಗನ್ನಡಿ ಹಿಡಿದು ಸಾಲುಸಾಲಾಗಿ ಓದಿದರು. ಅರ್ಧಕ್ಕೆ ಬರುವಾಗ ಭೂತಗನ್ನಡಿ ನಿಂತಿತು.

"ಅಡಿಗೆ ಕಾಲಿಂಚು" ಎಂದರು ತಮಗೆ ತಾವೇ. ಆಮೇಲೆ, "ಪುಷ್ಪಾ, ಆ ಪೆಟ್ಟಿಗೆ ತಾ" ಎಂದರು.

ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಎರಡಡಿಯ ಉಕ್ಕಿನ ಸ್ಕೇಲಿತ್ತು. ಹಿಡಿದು ಹಿಡಿದು ಅಂಚು ನುಣುಪಾಗಿತ್ತು. ಸುಭದ್ರಮ್ಮ ತನ್ನ ಟೇಪನ್ನು ಅದರ ಪಕ್ಕದಲ್ಲಿ ಇಟ್ಟಳು. ಸ್ಕೇಲು ಒಂದಡಿ ಎಂದ ಕಡೆ ಟೇಪು ಒಂದಡಿ ಕಾಲಿಂಚು ಎಂದಿತು. ಅವಳು ಎರಡನ್ನೂ ನೋಡಿ, "ಮಾಮ, ಸ್ಕೇಲೇ ತಪ್ಪಾ ಇದು?" ಎಂದಳು.

"ತಪ್ಪಲ್ಲ ಕೂಸೇ. ಇದು ನಮ್ಮ ಶಾಪಿನ ಸ್ಕೇಲು. ಕಾದ ಉಕ್ಕು ತಣ್ಣಗಾಗುವಾಗ ಕುಗ್ಗುತ್ತೆ. ಅಡಿಗೆ ಕಾಲಿಂಚು ಕುಗ್ಗುತ್ತೆ. ಅದಕ್ಕೇ ಮರದ ಮಾದರಿನ ಅಷ್ಟೇ ದೊಡ್ಡದು ಮಾಡ್ಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂತ್ರೆ ಆಗುತ್ತಾ? ಆ ಕುಗ್ಗೋದನ್ನ ಮೊದ್ಲೇ ಇಂಚಿನೊಳಗೆ ಸೇರಿಸಿ ಗೀಟು ಹಾಕಿರ್ತಾರೆ. ನಾವು ಇದ್ರಲ್ಲಿ ಆರಡಿ ಅಳೆದು ಮಾಡಿದ್ರೆ, ಉಕ್ಕು ಆರಿದ್ ಮೇಲೆ ಸರಿಯಾಗಿ ಆರಡಿಗೆ ಬಂದು ನಿಲ್ಲುತ್ತೆ."

ಸುಭದ್ರಮ್ಮ ಸ್ಕೇಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬೆಂಕಿಯಂತೆ ಹರಿಯುವ ಉಕ್ಕು ನಾಳೆ ತಣಿದು ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು ಇವತ್ತೇ ಬಲ್ಲ ಕಡ್ಡಿ. ಹೀಗೂ ಒಂದು ವಿದ್ಯೆ ಇದೆಯಾ ಲೋಕದಲ್ಲಿ! ಹದಿನೆಂಟು ಕಿಲೋಮೀಟರ್ ದೂರದಲ್ಲಿ ಇದ್ದುಕೊಂಡು ಐವತ್ತನಾಲ್ಕು ವರ್ಷ ಇದು ತನಗೆ ಗೊತ್ತಿರಲಿಲ್ಲವಲ್ಲ.

ಕರಿಯಣ್ಣನವರ ಮುಖ ಮಾತ್ರ ಬಾಡಿತ್ತು. "ಮನೆ ಕೆಲಸಕ್ಕೆ ಬೇರೆ ಸ್ಕೇಲಿತ್ತು ನನ್ನ ಹತ್ರ" ಎಂದರು ನಿಧಾನವಾಗಿ. "ಇಪ್ಪತ್ತು ವರ್ಷ ಇದನ್ನೇ ಹಿಡಿದ ಕೈ, ಇದನ್ನೇ ಎತ್ಕೊಂಡಿದೆ. ಕುಗ್ಗದೇ ಇರೋ ಮರಕ್ಕೆ ಕುಗ್ಗೋ ಲೆಕ್ಕ ಹಾಕಿದೀನಿ ನಾನು. ನಾನು ಮಾಡಿದ್ದೆಲ್ಲ ಇದ್ರಲ್ಲೇ ಅಳೆದಿದ್ದು, ಅದಕ್ಕೇ ಒಂದಕ್ಕೊಂದು ಕೂತಿದೆ. ಚೀಟಿ ತಗೊಂಡು ಬೇರೆಯವ್ರು ಮಾಡಿದ್ದು ಗಿಡ್ಡ ಆಗಿದೆ." ಭೂತಗನ್ನಡಿ ಕೆಳಗಿಟ್ಟು, "ಮೂವತ್ತೆಂಟು ವರ್ಷ ಆ ಬಡಗಿನ ಬೈತಾ ಬಂದೆ. ಓಂಕಾರಿ ಹೇಳಿದ್ದೇ ನಿಜ ಆಯ್ತಲ್ಲೇ" ಎಂದರು.

ಸುಭದ್ರಮ್ಮ ನೋಟುಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. ಇವರ ಹೆಸರು ಉಳಿಸಲು ಬಂದವಳು ಇದ್ದ ಸಮಾಧಾನವನ್ನೂ ಕಿತ್ತುಕೊಂಡೆನಾ? "ಹಾಗಲ್ಲ ಮಾಮ" ಎಂದು ಅಂಗಡಿಯ ಟೇಪಿನ ಕತೆ ಹೇಳಿದಳು. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಸ್ಕೇಲಿಗೆ ಮತ್ತೆ ಬಟ್ಟೆ ಸುತ್ತಿ ಅವಳ ಕೈಗೆ ಕೊಟ್ಟರು. "ನಿಮ್ಮಪ್ಪನಿಗೆ ತೋರಿಸು. ತಪ್ಪು ಕರಿಯಂದೇ ಅಂತೆ, ಅವನೇ ಹೇಳಿ ಕಳಿಸಿದಾನೆ ಅನ್ನು."

ಬಸ್ಸಿನಲ್ಲಿ ಸ್ಕೇಲನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು. ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂಬುದೇ ಚಿಂತೆ. ಅಪ್ಪಾಜಿ "ನೋಡಿದ್ಯಾ" ಎಂದುಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯಿತು. ಮನೆಗೆ ಬಂದು ಹಿತ್ತಲ ಕುರ್ಚಿಯ ಮುಂದೆ ನಿಂತು ಒಂದೂ ಬಿಡದೆ ಹೇಳಿದಳು.

ಓಂಕಾರಪ್ಪನವರು ಪೇಪರು ಮಡಚಿದರು. "ತಪ್ಪು ನಂದು ಅಂದ್ನಾ? ಕರಿಯಾ?"

"ಹೂಂ ಅಪ್ಪಾಜಿ."

"ಅವನ ಬಾಯಲ್ಲೇ?"

"ಅವರ ಬಾಯಲ್ಲೇ."

ಅವರು ಎದ್ದರು. ಸ್ಕೇಲು ತೆಗೆದುಕೊಂಡು ಹದಿನೈದು ವರ್ಷದಲ್ಲಿ ಮೊದಲ ಸಲ ಗಾಡಿಯ ಹತ್ತಿರ ಹೋದರು. ಐವತ್ತು ವರ್ಷ ತಕ್ಕಡಿಯ ಮುಳ್ಳು ನೋಡಿದ ಮನುಷ್ಯ, ಯಾರ ಮಾತನ್ನೂ ತೂಗದೆ ನಂಬಿದವರಲ್ಲ. ಅಡ್ಡ ಇಟ್ಟರು, ಉದ್ದ ಇಟ್ಟರು. "ಇಲ್ಲಿ ಎಷ್ಟು ಬರೆದಿದಾನೆ ಓದು" ಎನ್ನುವರು, ಸುಭದ್ರಮ್ಮ ಬಗ್ಗಿ ಪೆನ್ಸಿಲ್ ಅಂಕಿ ಓದುವಳು, ಅವರು ಸ್ಕೇಲು ಇಡುವರು. ಎರಡಡಿ ಎಂದರೆ ಎರಡಡಿ. ನಾಲ್ಕು ಎಂದರೆ ನಾಲ್ಕು. ಎಲ್ಲಾದರೂ ಒಂದು ಕಡೆ ತಪ್ಪು ಸಿಕ್ಕೀತೇ ಎಂದು ಮೊದಲು ಹುಡುಕುತ್ತಿದ್ದರು. ಆಮೇಲೆ ಹುಡುಕುವ ರೀತಿ ಬದಲಾಯಿತು. ಮೂಲೆ ಮೂಲೆಗೂ ಹೋಗಿ, ಜೋಡಣೆಯ ಹಲ್ಲುಗಳ ಮೇಲೆ ಬೆರಳಾಡಿಸಿ, ಸ್ಕೇಲು ಇಟ್ಟು, ಸುಮ್ಮನೆ ತಲೆ ಆಡಿಸುತ್ತಾ ಮುಂದೆ ಹೋದರು. ಬಿಸಿಲು ನುಗ್ಗೆಮರ ದಾಟಿ ಗೋಡೆಗೆ ಬಂದರೂ ನಿಲ್ಲಿಸಲಿಲ್ಲ. ಕಾಫಿ ತಂದ ಮಲ್ಲಿಕ್ ಲೋಟ ಹಿಡಿದುಕೊಂಡೇ ನಿಂತ.

ಕಡೆಗೆ ಹಿಂಭಾಗಕ್ಕೆ ಬಂದರು. ಹಳೇ ಬಾಗಿಲು ಅಲ್ಲಿ ಇನ್ನೂ ಹಗ್ಗದಲ್ಲಿ ನೇತಾಡುತ್ತಿತ್ತು. ಅದರ ಪಕ್ಕದ ಕಂಬದ ಮೇಲೆ "ಹಿಂಬಾಗಿಲು, ನಾಲ್ಕು ಅಡಿ" ಎಂದು ಪೆನ್ಸಿಲ್ಲಿನಲ್ಲಿ ಇತ್ತು. ಕಂಬದಿಂದ ಕಂಬಕ್ಕೆ ಸ್ಕೇಲು ಎರಡು ಸಲ ಇಟ್ಟರು. ಒಂದು ಗೀಟೂ ಉಳಿಯಲಿಲ್ಲ.

"ಎಲ್ಲಾ ಕಡೆ ಸರಿ ಇದೆಯಲ್ಲೇ ತಾಯಿ" ಎಂದರು. "ಇವನಿಗೆ ಅಳತೆ ಬರಲ್ಲ ಅಂದ್ನಲ್ಲ ನಾನು. ಗಾಡಿ ತಗೊಂಡು ಬಾ ಅಂದ, ಒಯ್ಲಿಲ್ಲ. ಒಯ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು. ತನ್ನ ತಪ್ಪು ಗೊತ್ತಾಗಿ ಒಂದು ಗಳಿಗೆಗೆ ಒಪ್ಕೊಂಡ ಅವನು. ನಾನು ಮೂವತ್ತೆಂಟು ವರ್ಷ ಹಗ್ಗ ಕಟ್ಕೊಂಡು ತಿರುಗಿದೆ." ಹಗ್ಗದ ಗಂಟಿಗೆ ಕೈ ಹಾಕಿದರು. ಬಿಸಿಲು ಮಳೆ ತಿಂದು ಅದು ಕಲ್ಲಾಗಿತ್ತು, ಬಿಚ್ಚಲು ಬರಲಿಲ್ಲ. ಸುಭದ್ರಮ್ಮ ಒಳಗಿಂದ ಬಟ್ಟೆ ಕತ್ತರಿ ತಂದಳು. ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೂ ಜಗಳಕ್ಕೆ ಬರುವವಳು, ಅವತ್ತು ತಾನೇ ತೆಂಗಿನ ಹಗ್ಗಕ್ಕೆ ಇಟ್ಟಳು.

ಹೊಸ ಬಾಗಿಲನ್ನು ಪುಟ್ಟಣ್ಣ ಎಂಬ ಬಡಗಿ ಅದೇ ಸ್ಕೇಲಿನಲ್ಲಿ ಅಳೆದು ಮಾಡಿದ. "ನಾಲ್ಕಡಿ ಅಂತೀರಿ, ನನ್ನ ಟೇಪು ಬೇರೆ ಹೇಳುತ್ತೆ" ಎಂದು ಗೊಣಗಿದವನಿಗೆ ಓಂಕಾರಪ್ಪನವರು, "ನಿನ್ನ ಟೇಪು ಜೇಬಲ್ಲಿ ಇಟ್ಕೋ" ಎಂದು ಗದರಿದರು. ನೆಲದ ಹಲಗೆಗಳೂ ಅದೇ ಸ್ಕೇಲಿನಲ್ಲಿ ಹೊಸದಾಗಿ ಬಂದವು. ಬಾಗಿಲು ಕೂರಿಸಿ ಮೇಲಕ್ಕೆ ಎತ್ತಿದ ದಿನ ಎಲ್ಲರೂ ಹಿತ್ತಲಲ್ಲಿ ಸೇರಿದರು. ಚಿಲಕ ಟಕ್ ಎಂದು ತೂತಿಗೆ ಹೋಗಿ ಕೂತಿತು. ಅಷ್ಟೇ ಸದ್ದು. ಓಂಕಾರಪ್ಪನವರು ತೆಗೆಸಿದರು, ಹಾಕಿಸಿದರು, ಮತ್ತೆ ತೆಗೆಸಿದರು, ಮತ್ತೆ ಹಾಕಿಸಿದರು. ಚೀಟಿ ಬರೆದ ಮೂವತ್ತೆಂಟು ವರ್ಷದ ಮೇಲೆ ಆ ಅಳತೆ ತನ್ನ ಜಾಗಕ್ಕೆ ಬಂದಿತ್ತು. ಸುಭದ್ರಮ್ಮ ಕಣ್ಣೊರೆಸಿಕೊಂಡು ಕೈ ಮುಗಿದಳು.

ಗಾಡಿಗೆ ಬಣ್ಣ ಹೊಡೆಸಲಿಲ್ಲ. ಬರೀ ವಾರ್ನಿಷ್, ಜೋಡಣೆ ಎಲ್ಲರಿಗೂ ಕಾಣಲಿ ಎಂದು.

ಭದ್ರಾವತಿಗೆ ಹೊರಟಾಗ ಮಲ್ಲಿಕ್ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಇಸ್ತ್ರಿ ಪಂಚೆಯುಟ್ಟ ಓಂಕಾರಪ್ಪನವರು. ಹಿಂದೆ, ಹೊಸ ಹಲಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಭದ್ರಮ್ಮ. ಬೇವಿನ ಮರದ ಮನೆಯ ಮುಂದೆ ಗಾಡಿ ನಿಂತಿತು. ಕರಿಯಣ್ಣ ಹೊರಗೆ ಬಂದು ನೋಡಿದರು. ಓಂಕಾರಪ್ಪನವರು ಕೆಳಗಿಳಿಯದೆ, "ಹತ್ತೋ ಕರಿಯಾ. ಇಲ್ಲಲ್ಲ ಹೇಳೋದು. ಎಲ್ಲಿ ಅಂದಿದ್ನೋ ಅಲ್ಲೇ ಹೇಳ್ಬೇಕು" ಎಂದರು. ಅವರ ಪಕ್ಕ ಒತ್ತಿಕೊಂಡು ಕೂತ ಕರಿಯಣ್ಣ ದಾರಿಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸುತ್ತಲೇ ಇದ್ದರು.

ಕಾರ್ಖಾನೆ ಗೇಟಿನ ಎದುರು ಹೋಟೆಲು ಇರಲಿಲ್ಲ. ಅಲ್ಲಿ ಈಗ ಮೊಬೈಲ್ ಅಂಗಡಿ. ಅವತ್ತಿನ ಇಪ್ಪತ್ತು ಜನರಲ್ಲಿ ಒಬ್ಬರೂ ಇರಲಿಲ್ಲ. ಎಷ್ಟು ಜನ ಉಳಿದಿದ್ದಾರೆ ಎಂದು ಯಾರೂ ಕೇಳಲೂ ಇಲ್ಲ. ಓಂಕಾರಪ್ಪನವರು ಒಂದು ಕ್ಷಣ ಪೆಚ್ಚಾದರು. ಆಮೇಲೆ ಹಿಂದಿನ ಬಾಗಿಲು ಇಳಿಸಿ, ಸುಭದ್ರಮ್ಮನ ಪ್ಲಾಸ್ಟಿಕ್ ಕುರ್ಚಿಯನ್ನು ನೆಲಕ್ಕೆ ಹಾಕಿಸಿ, ಮಗಳು, ಅಳಿಯ ಇಬ್ಬರ ಹೆಗಲು ಹಿಡಿದು ಅದರ ಮೇಲಿಂದ ಗಾಡಿಯೊಳಗೆ ಹತ್ತಿದರು. "ಬಾಗಿಲು ಹಾಕೋ ಕರಿಯಾ" ಎಂದರು. ಕರಿಯಣ್ಣ ಎತ್ತಿ ಹಾಕಿದರು. ಟಕ್ ಎಂದಿತು. ಅವರು ಚಿಲಕದ ಮೇಲೆ ಬೆರಳಿಟ್ಟು, ಸಂದು ತಡವಿ ನೋಡಿ, ಅಲ್ಲೇ ನಿಂತರು.

ಓಂಕಾರಪ್ಪನವರು ಪಕ್ಕದ ಹಲಗೆ ಹಿಡಿದು ನಿಂತು, ಬಜಾರಿನಲ್ಲಿ ಬೆಲ್ಲದ ಹರಾಜು ಕೂಗುತ್ತಿದ್ದ ಗಂಟಲಿನಲ್ಲಿ, "ಕೇಳ್ರಪ್ಪಾ ಎಲ್ರೂ! ಈ ಗಾಡಿ ಕಟ್ಟಿದವನು ಇವನು, ಕರಿಯಣ್ಣ. ಇವನಿಗೆ ಅಳತೆ ಬರಲ್ಲ ಅಂತ ಇದೇ ಜಾಗದಲ್ಲಿ ನಾನು ಅಂದಿದ್ದೆ. ಸುಳ್ಳು ಅದು. ಇವನಷ್ಟು ಅಳತೆ ಬಲ್ಲವನು ಈ ಎರಡು ಊರಲ್ಲಿ ಇನ್ನೊಬ್ಬ ಇಲ್ಲ. ತಪ್ಪಾಯ್ತು ನಂದು!" ಎಂದರು.

ರೀಚಾರ್ಜಿಗೆ ಬಂದವರು ತಿರುಗಿ ನೋಡಿದರು. ಯಾರೋ ಮೊಬೈಲ್ ಎತ್ತಿ ಹಿಡಿದರು. ಗೇಟಿನ ವಾಚ್‌ಮನ್ ಎದ್ದು ಬಂದ. ಆಟೋದವನೊಬ್ಬ ಗಾಡಿ ನಿಲ್ಲಿಸಿದ.

"ಇಳಿಯೋ ಸಾಕು" ಎಂದರು ಕರಿಯಣ್ಣ. ಮುಖ ಬೇರೆ ಕಡೆ ತಿರುಗಿಸಿದ್ದರು. "ಬಿದ್ದುಗಿದ್ದೀಯ."

ಓಂಕಾರಪ್ಪನವರು ಇಳಿಯಲಿಲ್ಲ. ಮಗಳನ್ನು ನೋಡಿ, "ಎಷ್ಟು ಜನ ಕೇಳಿಸ್ಕೊಂಡ್ರು, ಎಣಿಸು" ಎಂದರು.

ಸುಭದ್ರಮ್ಮ ಎಣಿಸಿದಳು. "ಹನ್ನೊಂದು ಅಪ್ಪಾಜಿ."

"ಅವತ್ತು ಇಪ್ಪತ್ತಿತ್ತು" ಎಂದರು ಅವರು. "ಸಾಲಲ್ಲ." ಹಲಗೆಯ ಮೇಲಿನ ಹಿಡಿತ ಬಿಗಿ ಮಾಡಿ, ಉಸಿರೆಳೆದುಕೊಂಡು, ಮೊದಲಿನಿಂದ ಮತ್ತೊಮ್ಮೆ ಕೂಗತೊಡಗಿದರು.